ಗೋವಾಕ್ಕೆ ಹೋದ ನಮ್ಮವರು

(ಸಂಸ್ಥೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣದ ಬರಹರೂಪ)

 

ಇಂಥ ಸಮ್ಮೇಳನಗಳಲ್ಲಿ ನಮ್ಮಂಥ ನಿವೃತ್ತ ಶಿಕ್ಷಕರನ್ನು ಕರೆದರೆ 'ಶಿಕ್ಷಣದ ಮಹತ್ವ' ಎಂಬ ವಿಷಯ ಕೊಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ವಿಷಯವನ್ನು ನನಗೇ ಬಿಟ್ಟುಕೊಟ್ಟರು. ಹಾಗಾಗಿ ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವನಿಗೆ ಯಾವ ಮಾತು ಹೆಚ್ಚು ಕಾಡಿದೆಯೋ ಅದನ್ನೇ ಆಡುತ್ತೇನೆ. ತರಗತಿಯಲ್ಲಿ ಹೆಸರು ಕೂಗುತ್ತೇವೆ. ಒಂದು ಹೆಸರಿಗೆ ಉತ್ತರ ಬರುವುದಿಲ್ಲ. ಇನ್ನೊಮ್ಮೆ ಕೂಗುತ್ತೇವೆ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು ಹೇಳುತ್ತಾನೆ: "ಗೋವಾಕ್ಕ ಹೋಗ್ಯಾನ್ರಿ ಸರ್."

ಈ ಸಭೆಯಲ್ಲಿ ಕುಳಿತವರಲ್ಲಿ ಗೋವಾದಲ್ಲಿ ಒಬ್ಬ ಅಣ್ಣ, ಒಬ್ಬ ಅಳಿಯ, ಒಬ್ಬ ಚಾಚಾ ಇಲ್ಲದ ಮನೆ ಯಾವುದಾದರೂ ಇದ್ದರೆ ಕೈ ಎತ್ತಿರಿ ಎಂದು ಕೇಳಿದರೆ ಎಷ್ಟು ಕೈ ಮೇಲೇಳುತ್ತವೆ ಎಂಬುದು ನನಗೆ ಗೊತ್ತಿದೆ. ಗೌಂಡಿ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ, ಮುರಗಾಂವ್ ಬಂದರಿಗೆ, ಮೀನು ಇಳಿಸುವುದಕ್ಕೆ, ಹೋಟೆಲುಗಳಲ್ಲಿ ಪಾತ್ರೆ ತೊಳೆಯುವುದಕ್ಕೆ ನಮ್ಮವರು ಎರಡು ಮೂರು ತಲೆಮಾರಿನಿಂದ ಹೋಗುತ್ತಿದ್ದಾರೆ. ಜಾತಿ ಧರ್ಮದ ಭೇದವಿಲ್ಲದೆ ಹೋಗುತ್ತಿದ್ದಾರೆ. ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ಹಾಯ್ದು ವಾಸ್ಕೋ ಸೇರುವ ರೈಲು ನಮ್ಮ ಕಡೆಯ ಬಡವರಿಗೆ ಮನೆಯ ಹಿತ್ತಲಿನಷ್ಟು ಪರಿಚಿತ. ಹೀಗೆ ಹೋದವರನ್ನು ಆ ಹೊಸ ರಾಜ್ಯ ಹೇಗೆ ಬರಮಾಡಿಕೊಂಡಿತು? ಇದು ನನ್ನ ಮೊದಲ ಪ್ರಶ್ನೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ. ಅದನ್ನು ಆಮೇಲೆ ಕೇಳುತ್ತೇನೆ.

ಏಕೆ ಹೋಗುತ್ತಾರೆ ಎಂಬುದನ್ನು ನಿಮಗೆ ಹೇಳುವ ಅಗತ್ಯವಿಲ್ಲ. ನಮ್ಮದು ಎರೆ ನೆಲ. ಮಳೆ ಬಂದರೆ ಬಂಗಾರ, ಬಾರದಿದ್ದರೆ ಬಿರುಕು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟೆ ಆಯಿತು, ಕಾಲುವೆ ಬಂತು, ಕಾಲುವೆಗಿಂತ ಮೊದಲು ಕರದ ನೋಟೀಸು ಬಂತು. 1980ರ ಜುಲೈಯಲ್ಲಿ ನರಗುಂದದ ರೈತರು ಬೀದಿಗಿಳಿದದ್ದು, ಗೋಲಿಬಾರ್ ಆದದ್ದು ಇಡೀ ರಾಜ್ಯಕ್ಕೆ ಗೊತ್ತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದು ಇಂದಿಗೂ ಅದೃಷ್ಟದ ಮಾತು. ಇನ್ನು 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ ಮನೆಗಳನ್ನೇ ಎಳೆದುಕೊಂಡು ಹೋಯಿತು. ನೀರಿಲ್ಲದೆ ಗುಳೆ, ನೀರು ಹೆಚ್ಚಾಗಿ ಗುಳೆ. ಹೊಲವಿಲ್ಲದ ಮನೆಗಳಂತೂ ಹೊಲ ಉಳ್ಳವರಿಗಿಂತ ಮೊದಲು ಗಂಟು ಕಟ್ಟುತ್ತವೆ. ನಮ್ಮ ಸಮಾಜದಲ್ಲಿ ಹೊಲವಿಲ್ಲದವರೇ ಹೆಚ್ಚು.

ಈಗ ಗೋವಾದ ಬಾಗಿಲಿಗೆ ಬರೋಣ. ಭಾರತದ ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗಕ್ಕಾದರೂ ಹೋಗಲು, ಅಲ್ಲಿ ನೆಲೆಸಲು ಪ್ರತಿಯೊಬ್ಬ ಪ್ರಜೆಗೂ ಹಕ್ಕು ಕೊಟ್ಟಿದೆ. ಆದ್ದರಿಂದ ವಾಸ್ಕೋ ಸ್ಟೇಶನ್ನಿನಲ್ಲಿ ಇಳಿದವನನ್ನು ಯಾರೂ ತಡೆಯುವುದಿಲ್ಲ. ತಡೆಯುವುದಿರಲಿ, ಗುತ್ತಿಗೆದಾರ ಅಲ್ಲೇ ಕಾಯುತ್ತಿರುತ್ತಾನೆ. ಮೊದಲ ದಿನವೇ ಕೆಲಸ, ವಾರಕ್ಕೆ ಪಗಾರ. ಇಲ್ಲಿ ಮೂರು ದಿನ ದುಡಿದರೂ ಸಿಗದ ಕೂಲಿ ಅಲ್ಲಿ ಒಂದೇ ದಿನಕ್ಕೆ ಸಿಕ್ಕ ಕಾಲವೂ ಇತ್ತು. ಈ ಮಾತನ್ನು ಕೃತಜ್ಞತೆಯಿಂದಲೇ ಹೇಳಬೇಕು. ನಮ್ಮ ಓಣಿಗಳಲ್ಲಿ ಹೆಂಚು ಹೋಗಿ ಆರ್.ಸಿ.ಸಿ. ಬಂದದ್ದು, ಎಷ್ಟೋ ಹೆಣ್ಣುಮಕ್ಕಳ ನಿಕಾಹ್ ಸಾಲವಿಲ್ಲದೆ ಆದದ್ದು, ಈ ಸಂಸ್ಥೆಯ ಕಟ್ಟಡಕ್ಕೆ ಚಂದಾ ಬಂದದ್ದು ಗೋವಾದ ದುಡ್ಡಿನಿಂದಲೇ. ನಮ್ಮವರ ಕೈಗಳಿಗೆ ಗೋವಾ ಬಾಗಿಲು ತೆರೆದೇ ಇಟ್ಟಿತ್ತು.

ಕೈ ಹಿಂದೆ ಮನುಷ್ಯನೊಬ್ಬ ಬರುತ್ತಾನಲ್ಲ, ಅವನ ಹಿಂದೆ ಹೆಂಡತಿ ಮಕ್ಕಳು ಬರುತ್ತಾರಲ್ಲ, ತೊಡಕು ಆಗ ಶುರುವಾಗುತ್ತದೆ. ಖೋಲಿ ಬಾಡಿಗೆಗೆ ಸಿಗುತ್ತದೆ, ಬಾಡಿಗೆ ಕರಾರು ಸಿಗುವುದಿಲ್ಲ. ಕರಾರು ಇಲ್ಲದಿದ್ದರೆ ರಹವಾಸಿ ದಾಖಲೆ ಇಲ್ಲ. ಗೋವಾದಲ್ಲಿ ಸರ್ಕಾರಿ ನೌಕರಿಗೆ 15 ವರ್ಷದ ರಹವಾಸಿ ದಾಖಲೆ ಕೇಳುತ್ತಾರೆ. ಗೃಹಿಣಿಯರಿಗೆ ತಿಂಗಳಿಗಿಷ್ಟು ಎಂದು ಕೊಡುವ ಗೃಹ ಆಧಾರ್ ಯೋಜನೆಗೂ 15 ವರ್ಷ. ನಮ್ಮವರು ಅಲ್ಲಿ 15 ವರ್ಷ ಇಲ್ಲವೆ? ಇಪ್ಪತ್ತೈದು ವರ್ಷ ಇದ್ದವರಿದ್ದಾರೆ. ಆದರೆ ಮೂರು ವರ್ಷ ಬೈನಾದಲ್ಲಿ, ಎರಡು ವರ್ಷ ಮಾಪುಸಾದಲ್ಲಿ, ಕಟ್ಟಡ ಎದ್ದಲ್ಲಿ ಸೆಡ್ಡು ಹಾಕಿಕೊಂಡು ಐದು ವರ್ಷ. ಈ 25 ವರ್ಷಗಳನ್ನು ಕೂಡಿಸಿ ತೋರಿಸಲು ಕೈಯಲ್ಲಿ ಒಂದು ಹಾಳೆ ಇಲ್ಲ. ಗೋವಾದ ಎತ್ತರದ ಕಟ್ಟಡಗಳನ್ನು ತೋರಿಸಿ "ಇದು ನಾ ಕಟ್ಟಿದ್ದು" ಎಂದು ಹೇಳಬಹುದು. ಅದನ್ನು ದಾಖಲೆ ಎಂದು ಯಾವ ಕಚೇರಿಯೂ ಒಪ್ಪುವುದಿಲ್ಲ.

2004ರ ಜೂನ್ 14ರಂದು, ಮಳೆಗಾಲದ ಬಾಯಲ್ಲಿ, ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು ಹೈಕೋರ್ಟಿನ ಆದೇಶದ ಮೇಲೆ ಕೆಡವಿದರು. ಅಲ್ಲಿ ಕೆಟ್ಟ ದಂಧೆ ನಡೆಯುತ್ತಿತ್ತು, ಅದನ್ನು ನಿಲ್ಲಿಸಬೇಕಾಗಿತ್ತು, ಒಪ್ಪೋಣ. ಆದರೆ ಆ ದಂಧೆಗೆ ಸಂಬಂಧವೇ ಇಲ್ಲದ ಕೂಲಿಕಾರರ ಸಂಸಾರಗಳೂ ಬೀದಿಗೆ ಬಿದ್ದವು. ಅವರಲ್ಲಿ ಕನ್ನಡ ನಾಡಿನವರು ಬಹಳ. 2006ರ ಮಾರ್ಚ್‌ನಲ್ಲಿ ಸಾವರ್ಡೆ–ಕುಡಚಡೆ ಭಾಗದಲ್ಲಿ ಗಲಭೆಯಾಗಿ ಮುಸ್ಲಿಮರ ಅಂಗಡಿ ಮನೆಗಳಿಗೆ ಹಾನಿಯಾಯಿತು. ಆ ವಾರ ಗೋವಾದಿಂದ ಬಂದ ಬಸ್ಸುಗಳಲ್ಲಿ ಯಾರು ಇಳಿದರು ಎಂದು ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿದವರಲ್ಲಿ ನಾನೂ ಒಬ್ಬ. ಮಡಗಾಂವ್ ಭಾಗದಲ್ಲಿ ಖಬರಸ್ತಾನದ ಜಾಗದ ಪ್ರಶ್ನೆ ದಶಕಗಳ ಕಾಲ ಎಳೆದಾಡಿತು. ಬದುಕಿದ್ದಾಗ ಖೋಲಿ, ಸತ್ತ ಮೇಲೆ ಮಣ್ಣು, ಎರಡಕ್ಕೂ ಅಲೆದಾಟ. ದೇಹವನ್ನು ಗಾಡಿ ಮಾಡಿಕೊಂಡು ರಾತ್ರೋರಾತ್ರಿ ಊರಿಗೆ ತಂದ ಮನೆಗಳು ನಮ್ಮಲ್ಲಿವೆ.

'ಘಾಂಟಿ' ಎಂಬ ಮಾತನ್ನು ಅಲ್ಲಿ ದುಡಿದವರೆಲ್ಲ ಕೇಳಿದ್ದಾರೆ. ಘಟ್ಟದ ಮೇಲಿನವರು ಎಂಬುದಷ್ಟೇ ಅದರ ಮೂಲ ಅರ್ಥ. ಅದನ್ನು ಹೇಳುವ ಧ್ವನಿಯಲ್ಲಿ ಮಾತ್ರ ಬೇರೆ ಅರ್ಥಗಳು ಸೇರಿಕೊಂಡಿವೆ.

ಇಷ್ಟು ಹೇಳಿ ಗೋವಾದವರನ್ನು ದೂರಿ ಕೂತುಬಿಟ್ಟರೆ ಅದು ನ್ಯಾಯವಲ್ಲ. ಅವರ ಕಡೆಯಿಂದಲೂ ಒಮ್ಮೆ ನೋಡೋಣ. ಮಕ್ಕಳೆ, ಭೂಪಟ ತೆಗೆದು ನೋಡಿ. ಗೋವಾ ರಾಜ್ಯದ ವಿಸ್ತೀರ್ಣ 3,702 ಚದರ ಕಿಲೋಮೀಟರ್. ನಮ್ಮ ಗದಗ ಜಿಲ್ಲೆಯದು 4,656. ಇಡೀ ಒಂದು ರಾಜ್ಯ ನಮ್ಮ ಒಂದು ಜಿಲ್ಲೆಗಿಂತ ಚಿಕ್ಕದು. 2011ರ ಜನಗಣತಿಯಂತೆ ಅಲ್ಲಿ ಹದಿನಾಲ್ಕೂವರೆ ಲಕ್ಷ ಜನ. ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೋ ಬೇಡವೋ ಎಂದು 1967ರ ಜನವರಿ 16ರಂದು ಜನಮತ ತೆಗೆದರು. ಬೇಡ ಎಂದು ಜನ ತೀರ್ಪು ಕೊಟ್ಟರು. ಕೊಂಕಣಿಗೆ ಆಡಳಿತ ಭಾಷೆಯ ಸ್ಥಾನ ಸಿಕ್ಕಿದ್ದು, ಪೂರ್ಣ ರಾಜ್ಯವಾದದ್ದು 1987ರಲ್ಲಿ. ಇಷ್ಟು ತಡವಾಗಿ, ಇಷ್ಟು ಹೋರಾಡಿ ತನ್ನ ಮನೆ ತನ್ನದಾದವನಿಗೆ ಹೊಸ್ತಿಲು ದಾಟಿ ಬರುವವರ ಚಪ್ಪಲಿಗಳನ್ನು ಎಣಿಸುವ ಅಭ್ಯಾಸ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ನೂರಕ್ಕೆ ಐದು ಜನ ಬೇರೆ ರಾಜ್ಯದವರು ಬಂದು ನೆಲೆಸಿದರೆ ನಾವು ಸುಮ್ಮನಿರುತ್ತಿದ್ದೆವೆಯೆ? ಗೋವಾದಲ್ಲಿ ಕನ್ನಡವೇ ಮಾತೃಭಾಷೆ ಎಂದು ಬರೆಸಿದವರು 2011ರಲ್ಲಿ ನೂರಕ್ಕೆ ಸುಮಾರು ನಾಲ್ಕೂವರೆ ಮಂದಿ. ನಮ್ಮ ರೋಣದ ಮುಸ್ಲಿಮರು ಗಣತಿಯವನು ಬಂದಾಗ ಉರ್ದು ಎಂದು ಬರೆಸುತ್ತಾರೆ. ಅವರನ್ನೂ ಸೇರಿಸಿದರೆ ನಮ್ಮ ಕಡೆಯವರ ಸಂಖ್ಯೆ ಇನ್ನೂ ಹೆಚ್ಚು. (ಕನ್ನಡ ಸಂಘದವರು ನಮ್ಮನ್ನು ಉರ್ದುವಿನವರು ಎನ್ನುತ್ತಾರೆ, ಉತ್ತರದ ಉರ್ದು ಮಾತಾಡುವವರು ನಮ್ಮ ಮಾತು ಕೇಳಿ ಕನ್ನಡದವರು ಎಂದು ನಗುತ್ತಾರೆ. ಅದು ಬೇರೆಯೇ ಕಥೆ.)

2021ರ ಜುಲೈ 30ರಂದು ಗೋವಾ ವಿಧಾನಸಭೆ ಒಂದು ಮಸೂದೆ ಪಾಸು ಮಾಡಿತು. 30 ವರ್ಷದಿಂದ ನೆಲೆಸಿದವನನ್ನು ಭೂಮಿಪುತ್ರ ಎಂದು ಕರೆದು, ಅವನು ವಾಸವಿರುವ ಚಿಕ್ಕ ಮನೆಯ ಹಕ್ಕು ಕೊಡುವ ಮಸೂದೆ ಅದು. ಮೂವತ್ತು ವರ್ಷಕ್ಕೆ ಮಗನಾಗುವುದು ಎಂದರೆ ಸಣ್ಣ ಮಾತಲ್ಲ. ನಮ್ಮವರಲ್ಲಿ ಕೆಲವರಿಗೆ ಆಸೆ ಹುಟ್ಟಿತ್ತು. ಅಲ್ಲಿಯ ಮೂಲನಿವಾಸಿಗಳಿಂದ ದೊಡ್ಡ ವಿರೋಧ ಬಂತು, ಸರ್ಕಾರ ಹಿಂದೆ ಸರಿಯಿತು.

ಇದನ್ನು ಓದಿ ಸಿಟ್ಟಾದ ನಮ್ಮ ಯುವಕನೊಬ್ಬ ನನ್ನ ಹತ್ತಿರ ಬಂದಿದ್ದ. ಮೂರು ವರ್ಷ ಕಳೆಯಿತು. 2024ರ ಜುಲೈಯಲ್ಲಿ ನಮ್ಮ ಕರ್ನಾಟಕದ ಸಂಪುಟವೇ ಖಾಸಗಿ ಕಾರ್ಖಾನೆಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಎರಡು ದಿನದಲ್ಲೇ ತಡೆಹಿಡಿಯಿತು. ಅದರಲ್ಲಿ ಸ್ಥಳೀಯ ಎಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿ 15 ವರ್ಷ ಇಲ್ಲಿ ನೆಲೆಸಿದವನು, ಕನ್ನಡ ಬಲ್ಲವನು. ಅದೇ 15. ಅದೇ ಯುವಕ ಆಗ ಬಹಳ ಖುಷಿಯಾಗಿದ್ದ. ಗೋವಾದವರು ಹದಿನೈದು ವರ್ಷ ಕೇಳಿದರೆ ಅನ್ಯಾಯ, ನಾವು ಕೇಳಿದರೆ ಸ್ವಾಭಿಮಾನ ಎಂದರೆ ತಕ್ಕಡಿ ಸರಿಯಿಲ್ಲ ಎಂದು ಅವನಿಗೆ ಹೇಳಿದೆ. ಅವನು ಒಪ್ಪಲಿಲ್ಲ. ಇವತ್ತಿನ ಸಭೆಯಲ್ಲೂ ಕುಳಿತಿದ್ದಾನೆ, ಇನ್ನೂ ಒಪ್ಪಿದ ಹಾಗೆ ಕಾಣುವುದಿಲ್ಲ.

ಗೋವಾಕ್ಕೂ ನಮಗೂ ನಡುವೆ ಮಹದಾಯಿ ಎಂಬ ಇನ್ನೊಂದು ಗಂಟು ಇದೆ. ಈ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿಕೊಡಿ ಎಂದು 2015ರ ಜುಲೈಯಿಂದ ನರಗುಂದದಲ್ಲಿ ರೈತರು ಧರಣಿ ಹೂಡಿದರು. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿತು. ನೀರಿನ ಬೇಡಿಕೆ ನ್ಯಾಯವಾದದ್ದು, ಆ ಮಾತಿನಲ್ಲಿ ನಾವೆಲ್ಲ ಒಂದು. ಆದರೆ ಇಲ್ಲಿ ಬಂದ್ ಆದ ದಿನ ಗೋವಾ ಬಸ್ ನಿಲ್ಲುತ್ತದೆ. ಅಲ್ಲಿಯ ಪತ್ರಿಕೆಯಲ್ಲಿ ಕನ್ನಡಿಗರ ಮೇಲೆ ಮಾತು ಬರುತ್ತದೆ. ಆ ದಿನಗಳಲ್ಲಿ ನಮ್ಮ ಹುಡುಗರು ಸಂಜೆ ಖೋಲಿಯಿಂದ ಹೊರಗೆ ಬರುವುದಿಲ್ಲ. ಅಣ್ಣ ನರಗುಂದದ ಧರಣಿ ಪೆಂಡಾಲಿನಲ್ಲಿ, ತಮ್ಮ ಪಣಜಿಯ ಕಟ್ಟಡದ ಮೇಲೆ. ಇಂಥ ಮನೆಗಳೂ ಇವೆ. ನೀರು ಬಾರದ್ದಕ್ಕೇ ತಮ್ಮ ಅಲ್ಲಿಗೆ ಹೋದದ್ದು ಎಂಬುದನ್ನು ಎರಡೂ ಕಡೆಯವರು ಮರೆಯುತ್ತಾರೆ.

ಹಿರಿಯರೆ, ಈಗ ನನ್ನ ಎರಡನೆಯ ಪ್ರಶ್ನೆ. ನಮ್ಮ ಊರಿಗೆ ಬಂದವರನ್ನು ನಾವು ಹೇಗೆ ಬರಮಾಡಿಕೊಂಡೆವು?

1947–48ರ ಗಜೇಂದ್ರಗಡವನ್ನು ನೆನೆಯಿರಿ. ಆಗ ಇದು ಮುಂಬಯಿ ಪ್ರಾಂತ, ಪಕ್ಕದ ಕುಷ್ಟಗಿ, ಯಲಬುರ್ಗಿ ನಿಜಾಮರ ಸಂಸ್ಥಾನ. ರಜಾಕಾರರ ಕಾಟಕ್ಕೆ ಹೆದರಿ ಆ ಕಡೆಯ ಹಳ್ಳಿಗರು ಗಡಿ ದಾಟಿ ಈ ಕಡೆ ಬಂದರು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ ಇದ್ದದ್ದು ಇತಿಹಾಸದಲ್ಲಿದೆ. ಬಂದವರಿಗೆ ಊರಿನವರು ಕಟ್ಟೆ ಬಿಟ್ಟುಕೊಟ್ಟರು, ರೊಟ್ಟಿ ಕೊಟ್ಟರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಸಂಸ್ಥಾನದ ನಿರಪರಾಧಿ ಮುಸ್ಲಿಮರೂ ಬಹಳ ಕಷ್ಟ ಪಟ್ಟರು. ಕೇಂದ್ರ ಸರ್ಕಾರ ಪಂಡಿತ ಸುಂದರಲಾಲ್ ಅವರ ಸಮಿತಿಯನ್ನೇ ಕಳಿಸಬೇಕಾಯಿತು. ಎರಡೂ ಸಲ ಗಂಟುಮೂಟೆ ಹೊತ್ತವರು ಬಡವರೇ. ಮುಂದೆ 1956ರ ನವೆಂಬರ್ 1ಕ್ಕೆ ಗಜೇಂದ್ರಗಡ, ಕುಷ್ಟಗಿ ಎರಡೂ ಮೈಸೂರು ರಾಜ್ಯ ಸೇರಿದವು. ನಮ್ಮ ಅಜ್ಜಂದಿರು ಮನೆ ಬಿಟ್ಟು ಒಂದು ಹೆಜ್ಜೆ ಇಡದೆ ಹೊಸ ರಾಜ್ಯಕ್ಕೆ ಬಂದರು! ಆದರೂ ಆ ಹಳೆಯ ಗಡಿ ಪೂರಾ ಅಳಿಸಿಹೋಗಿಲ್ಲ. 371(ಜೆ) ವಿಧಿ ಬಂದ ಮೇಲೆ ಕೊಪ್ಪಳ ಜಿಲ್ಲೆಯ ಹೆಚ್ಚಿನ ಹುದ್ದೆಗಳು ಅಲ್ಲಿಯವರಿಗೇ ಮೀಸಲು. ಹಿಂದುಳಿದ ಆ ಭಾಗಕ್ಕೆ ಅದು ಬೇಕಾಗಿತ್ತು. ಆದರೆ ಗಜೇಂದ್ರಗಡದ ಹುಡುಗ ಕುಷ್ಟಗಿಗೆ ಹೋದರೂ ಅರ್ಜಿಯಲ್ಲಿ ಅವನು ಹೊರಗಿನವನೇ.

ಕರಾವಳಿಯ ಕಡೆ ನೋಡಿದರೆ, ಪೋರ್ಚುಗೀಸರ ಕಾಲದಲ್ಲಿ ಗೋವಾದಿಂದ ಓಡಿಬಂದ ಕೊಂಕಣಿ ಜನರನ್ನು, ಹಿಂದೂಗಳನ್ನೂ ಕ್ರೈಸ್ತರನ್ನೂ, ಕೆನರಾ ಸೀಮೆ ಇಟ್ಟುಕೊಂಡಿತು. ಅವರು ಭಾಷೆ ಬಿಡಲಿಲ್ಲ, ಕನ್ನಡವನ್ನೂ ಕಲಿತರು. ಇಂದು ಕರ್ನಾಟಕ ಸರ್ಕಾರದ್ದೇ ಕೊಂಕಣಿ ಸಾಹಿತ್ಯ ಅಕಾಡೆಮಿ ಇದೆ. ಗೋವಾದ ಗೆಳೆಯರೊಡನೆ ಮಾತಾಡುವಾಗ ನಮ್ಮ ಹುಡುಗರು ಈ ಸಂಗತಿಯನ್ನು ಜಗಳಕ್ಕಲ್ಲ, ನೆನಪಿಗೆಂದು ಹೇಳಬೇಕು.

ನಮ್ಮ ದೀನಿನ ಇತಿಹಾಸವೂ ಗುಳೆ ಹೊರಟವರ ಇತಿಹಾಸವೇ. ಮಕ್ಕಾದ ಕಿರುಕುಳ ತಾಳದೆ ಮೊದಲ ತಂಡ ಹೋದದ್ದು ಹಬ್ಶಾಕ್ಕೆ, ಅಂದರೆ ಅಬಿಸೀನಿಯಾಕ್ಕೆ. ಅಲ್ಲಿಯ ದೊರೆ ನಜಾಶಿ ಕ್ರೈಸ್ತನಾಗಿದ್ದ. ಇವರನ್ನು ಹಿಡಿದುಕೊಡಿ ಎಂದು ಕುರೈಶರು ಉಡುಗೊರೆ ಹೊತ್ತು ಹಿಂದೆಯೇ ಹೋದರು; ನಜಾಶಿ ಒಪ್ಪಿಸಲಿಲ್ಲ. ಆಮೇಲೆ 622ರಲ್ಲಿ ಪ್ರವಾದಿಯವರು (ಸ) ಮದೀನಾಕ್ಕೆ ಹಿಜ್ರತ್ ಮಾಡಿದರು. ಬಂದ ಒಬ್ಬೊಬ್ಬ ಮುಹಾಜಿರನಿಗೂ ಊರಿನ ಒಬ್ಬೊಬ್ಬ ಅನ್ಸಾರಿಯನ್ನು ಸೋದರನನ್ನಾಗಿ ಜೋಡಿಸಿದರು. ಸಅದ್ ಬಿನ್ ರಬೀ ಎಂಬ ಅನ್ಸಾರಿ ತನ್ನ ಪಾಲಿಗೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್ ಅವರಿಗೆ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಅವರು ದುಆ ಮಾಡಿ, ಅದು ಬೇಡ, ಬಜಾರು ಎಲ್ಲಿದೆ ಎಂದು ಮಾತ್ರ ಕೇಳಿದರು. ನಮ್ಮ ಮೌಲಾನಾಗಳು ಇದನ್ನು ಸ್ವಾವಲಂಬನೆಯ ಪಾಠವಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಬಜಾರಿಗೆ ಹೋದ ಅಬ್ದುರ್ರಹ್ಮಾನ್‌ಗೆ ಅಲ್ಲಿ ಕೂತು ವ್ಯಾಪಾರ ಮಾಡಲು ಮದೀನಾದವರು ಜಾಗ ಬಿಟ್ಟರು. ನೀನು ಎಷ್ಟು ವರ್ಷದಿಂದ ಇಲ್ಲಿದ್ದೀ ಎಂದು ಕೇಳಲಿಲ್ಲ.

ನಮ್ಮ ಬಜಾರಿಗೆ ಬನ್ನಿ. ಸಂಜೆ ಬಸ್‌ಸ್ಟ್ಯಾಂಡಿನ ಮುಂದೆ ಪಾನಿಪೂರಿ ಗಾಡಿ ನಿಲ್ಲಿಸುವ ಹುಡುಗರು ಉತ್ತರಪ್ರದೇಶದವರು. ಟೈಲ್ಸ್ ಕೂರಿಸುವವರು, ಪಿ.ಓ.ಪಿ. ಮಾಡುವವರು ರಾಜಸ್ಥಾನ, ಬಿಹಾರದವರು. ನಾವು ಅವರನ್ನು 'ಏ ಭಯ್ಯಾ' ಎನ್ನುತ್ತೇವೆ. ಹೆಸರು ಕೇಳಿದವರು ಎಷ್ಟು ಜನ? ಅವರಿಗೆ ಖೋಲಿ ಕೊಡುವಾಗ ದುಪ್ಪಟ್ಟು ಬಾಡಿಗೆ ಹೇಳಿದವರಲ್ಲಿ ನಮ್ಮ ಸಮಾಜದವರೂ ಇದ್ದಾರೆ. ಗೋವಾದಲ್ಲಿ ಮಗನಿಗೆ ಖೋಲಿ ಸಿಗಲಿಲ್ಲ ಎಂದು ಅಳುವ ತಂದೆಯೇ ಇಲ್ಲಿ ಹಾಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ಇದ್ದದ್ದನ್ನು ಹೇಳಿದೆ.

2020ರ ಮಾರ್ಚ್‌ನ ಲಾಕ್‌ಡೌನ್ ಕಾಲದಲ್ಲಿ ಝುವಾರಿನಗರದಲ್ಲಿ ಸಿಕ್ಕಿಕೊಂಡ ನಮ್ಮೂರಿನ ಒಂದು ಸಂಸಾರಕ್ಕೆ ಮನೆ ಮಾಲಕಿ, ಕ್ರೈಸ್ತ ಮುದುಕಿ, ಎರಡು ತಿಂಗಳು ಬಾಡಿಗೆ ಕೇಳಲಿಲ್ಲ. ರಮಜಾನ್ ಬಂತು, ಸಂಜೆ ತಾನೇ ಬಾಳೆಹಣ್ಣು ತಂದು ಬಾಗಿಲಲ್ಲಿ ಇಡುತ್ತಿದ್ದಳಂತೆ. ಊರಿಗೆ ಬಂದ ಮೇಲೂ ಆ ತಾಯಿ ಇವರಿಗೆ ಫೋನು ಮಾಡುತ್ತಿದ್ದಳು. ಗೋವಾದ ಬಾಗಿಲಿನ ಬಗ್ಗೆ ಮಾತಾಡುವಾಗ ಈ ಬಾಗಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ಸಂಸಾರದ ಮಗಳ ಬಗ್ಗೆ ಹೇಳುವುದಕ್ಕೇ ನಾನು ಇಷ್ಟು ದೂರ ಬಂದೆ. ಹೆಸರು ಹೇಳುವುದಿಲ್ಲ. ಮೂರನೆಯ ತರಗತಿಯವರೆಗೆ ನಮ್ಮ ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿದಳು. ಅಪ್ಪನಿಗೆ ಗೋವಾದಲ್ಲಿ ಕೆಲಸ ಗಟ್ಟಿಯಾಯಿತೆಂದು ಇಡೀ ಮನೆ ಹೋಯಿತು. ಗೋವಾ ಸರ್ಕಾರ ಕನ್ನಡ, ಉರ್ದು ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನೂ ನಡೆಸುತ್ತದೆ. ಆ ಮಟ್ಟಿಗೆ ಅದು ನಮ್ಮ ಎಷ್ಟೋ ರಾಜ್ಯಗಳಿಗಿಂತ ಉದಾರಿ. ಆದರೆ ಇವರ ಖೋಲಿಯ ಹತ್ತಿರ ಇದ್ದದ್ದು ಮರಾಠಿ ಶಾಲೆ. ಅಲ್ಲಿ ಸೇರಿದಳು. ಚುರುಕಾದ ಹುಡುಗಿ, ಮರಾಠಿ ಹಿಡಿದಳು, ಆಟದಲ್ಲಿ ಕೊಂಕಣಿ ಕಲಿತಳು. ಆರನೆಯ ತರಗತಿ ಮುಗಿಯುವ ಹೊತ್ತಿಗೆ ಲಾಕ್‌ಡೌನ್. ವಾಪಸು ಬಂದರು. ಇಲ್ಲಿ ಒಂದು ಶಾಲೆಗೆ ಹೋದರೆ ಟಿ.ಸಿ. ತನ್ನಿ ಎಂದರು. ಗಡಿ ಮುಚ್ಚಿತ್ತು. ಟಿ.ಸಿ. ಬಂದಾಗ ಅದರಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಆಮೇಲೆ ಕನ್ನಡ ಓದಲು ಬರುವುದಿಲ್ಲ, ಐದನೆಯ ತರಗತಿಗೆ ಕೂರಿಸುತ್ತೇವೆ ಎಂದರು. ಹದಿಮೂರು ವರ್ಷದ ಹುಡುಗಿ ಚಿಕ್ಕ ಮಕ್ಕಳ ಜೊತೆ ಕೂರಲು ನಾಚಿ ಮನೆಯಲ್ಲೇ ಉಳಿದಳು. ಒಂದು ವರ್ಷ ಹೋಯಿತು, ಎರಡು ವರ್ಷ ಹೋಯಿತು. ನನಗೆ ವಿಷಯ ತಿಳಿದದ್ದು ಬಹಳ ತಡವಾಗಿ. ಈಗ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ. ಅವಳು ನನಗೆ ಹೇಳಿದ ಮಾತು ಇದು: "ನನಗ ನಾಕು ಭಾಷಾ ಬರ್ತಾವ್ರಿ ಸರ್. ಒಂದರಾಗೂ ಪರೀಕ್ಷಾ ಪಾಸಾಗಿಲ್ಲ."

ಇಲ್ಲಿ ಯಾರನ್ನು ದೂರುವುದು? ಗೋವಾದ ಶಾಲೆ ಅವಳನ್ನು ಸೇರಿಸಿಕೊಂಡಿತ್ತು. ಬಾಗಿಲು ಹಾಕಿದ್ದು ಅವಳ ಸ್ವಂತ ತಾಲೂಕು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಟಿ.ಸಿ. ತಡವಾಯಿತೆಂದು ಎಂಟನೆಯ ತರಗತಿಯವರೆಗೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಅದರಲ್ಲಿ ಬರೆದಿದೆ. ಬಿಟ್ಟುಹೋದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎಂದಿದೆ. ಅಂದು ಆ ತಂದೆಯ ಜೊತೆ ಹೋಗಿ ಈ ಎರಡು ಕಲಮುಗಳನ್ನು ತೋರಿಸುವ ಒಬ್ಬ ಮನುಷ್ಯ ಇದ್ದಿದ್ದರೆ ಸಾಕಾಗಿತ್ತು. ಆ ಮನುಷ್ಯ ನಾನಾಗಬಹುದಿತ್ತು. ನಿವೃತ್ತನಾಗಿ ಮನೆಯಲ್ಲೇ ಕೂತಿದ್ದೆ.

ಇನ್ನೂ ದೊಡ್ಡ ಮಕ್ಕಳ ಪಾಡು ಬೇರೆ. ವೃತ್ತಿಶಿಕ್ಷಣದ ಸಿ.ಇ.ಟಿ.ಗೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಎಂಬುದು ಸಾಮಾನ್ಯ ನಿಯಮ. ಪಾಲಕರ ಓದು, ನೌಕರಿಗೆ ಸಂಬಂಧಿಸಿದ ಬೇರೆ ಕಲಮುಗಳೂ ಇವೆ, ಅವನ್ನು ಓದಿ ತಿಳಿಯಬೇಕು. ಇಲ್ಲಿ ನಮಗಿರುವ ಪ್ರವರ್ಗ 2ಬಿ ಆಗಲಿ, ನದಾಫ, ಪಿಂಜಾರ ಬಂಧುಗಳಿಗಿರುವ ಪ್ರವರ್ಗ 1 ಆಗಲಿ ಲೋಂಡಾ ದಾಟಿದರೆ ಕೆಲಸಕ್ಕೆ ಬಾರದು. ಒಂದು ರಾಜ್ಯದ ಜಾತಿ ಪ್ರಮಾಣಪತ್ರ ಇನ್ನೊಂದು ರಾಜ್ಯದ ಮೀಸಲಾತಿಗೆ ನಡೆಯುವುದಿಲ್ಲ. ಅಲ್ಲಿ 15 ವರ್ಷದ ದಾಖಲೆ ಇಲ್ಲ, ಇಲ್ಲಿ 7 ವರ್ಷದ ಓದು ಇಲ್ಲ. ನಡುವೆ ಮಗು. 2006ರಲ್ಲಿ ಸಾಚಾರ್ ಸಮಿತಿ, 6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ನೂರಕ್ಕೆ 25ರಷ್ಟು ಶಾಲೆಯನ್ನೇ ಕಂಡಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ಬರೆಯಿತು. ಅದನ್ನು ಓದಿದಾಗ ನನಗೆ ಹಾಜರಿ ಪುಸ್ತಕದ ಕೆಂಪು ಗೆರೆಗಳು ಕಣ್ಣಿಗೆ ಬಂದವು.

ಒಂದು ಸುಧಾರಣೆ ಆಗಿದೆ, ಅದನ್ನೂ ಹೇಳಬೇಕು. 2020ರ ಜನವರಿಯಿಂದ ಕರ್ನಾಟಕ, ಗೋವಾ ಎರಡೂ ಸೇರಿದ ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ನಮ್ಮ ಕಾರ್ಡ್ ತೋರಿಸಿ, ಹೆಬ್ಬೆರಳು ಒತ್ತಿ ವಾಸ್ಕೋದ ಅಂಗಡಿಯಲ್ಲಿ ಕೇಂದ್ರದ ಪಾಲಿನ ಧಾನ್ಯ ತರಬಹುದು. ನಮ್ಮವರಲ್ಲಿ ಅರ್ಧಕ್ಕರ್ಧ ಜನಕ್ಕೆ ಇದು ಗೊತ್ತಿಲ್ಲ. ಅಕ್ಕಿ ಗಡಿ ದಾಟಲು ಕಲಿತಿದೆ. ಟಿ.ಸಿ., ಜಾತಿ ಪತ್ರ, ರಹವಾಸಿ ದಾಖಲೆ ಇನ್ನೂ ಕಲಿತಿಲ್ಲ.

ಈ ಸಂಸ್ಥೆಯ ಹಿರಿಯರ ಮುಂದೆ ನನ್ನ ಬೇಡಿಕೆ ಇಷ್ಟೇ. ಗೋವಾ ಸರ್ಕಾರದ ಕಾನೂನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕಚೇರಿಯಲ್ಲಿ ಒಂದು ರಜಿಸ್ಟರ್ ಇಡುವುದು ನಮ್ಮ ಕೈಯಲ್ಲಿದೆ. ಯಾವ ಮನೆಯ ಮಗು ಯಾವ ತಿಂಗಳು ಊರು ಬಿಟ್ಟಿತು, ಅಲ್ಲಿ ಯಾವ ಶಾಲೆ, ಯಾವ ಮಾಧ್ಯಮ, ಎಂದು ಬಂತು, ಇಷ್ಟನ್ನು ಬರೆದಿಡಬೇಕು. ಹೊರಡುವ ಮೊದಲೇ ಟಿ.ಸಿ., ಜನನ ಪ್ರಮಾಣಪತ್ರ, ಆಧಾರ್ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ಎಂದು ನೋಡಿ ಕಳಿಸಬೇಕು. ಅಪ್ಪ ಅಮ್ಮ ಹೋದರೂ ಮಗು ಇಲ್ಲಿ ಉಳಿದು ಓದುವುದಾದರೆ ನಮ್ಮ ವಸತಿ ನಿಲಯದಲ್ಲಿ ಹತ್ತು ಸ್ಥಾನ ಇಂಥವರಿಗೆಂದೇ ಇಡಬೇಕು, ಅದರಲ್ಲಿ ಐದು ಹೆಣ್ಣುಮಕ್ಕಳಿಗೆ. ಹೆಣ್ಣುಮಕ್ಕಳ ನಿಲಯ ಇನ್ನೂ ಇಲ್ಲ ಎಂದು ಯಾರೋ ಹಿಂದಿನಿಂದ ಹೇಳುತ್ತಿದ್ದಾರೆ. ಗೊತ್ತಿದೆ. ಅದಕ್ಕೇ ಈ ಮಾತನ್ನು ಮೈಕಿನಲ್ಲಿ ಹೇಳುತ್ತಿದ್ದೇನೆ. ವಾಪಸು ಬಂದ ಮಕ್ಕಳಿಗೆ ಬೇಸಿಗೆಯಲ್ಲಿ ಕನ್ನಡ ಕಲಿಸಲು ನಾನು ತಯಾರಿದ್ದೇನೆ, ನನ್ನ ಜೊತೆಯ ಇಬ್ಬರು ನಿವೃತ್ತ ಗುರುಗಳೂ ಒಪ್ಪಿದ್ದಾರೆ. ಪಾನಿಪೂರಿ ಹುಡುಗರ ಮಕ್ಕಳು ಬಂದರೂ ಕಲಿಸುತ್ತೇವೆ.

ಮೊಹರಮ್ ಮುಗಿಸಿಕೊಂಡು ಅಲಾಯಿ ನೋಡಲು ಬಂದವರು ಈ ವಾರವೇ ತಿರುಗಿ ಹೊರಡುತ್ತಾರೆ. ನಾಳೆ ಸಂಜೆಯ ಬಸ್ಸಿಗೆ ಟಿಕೆಟು ಮಾಡಿಸಿದವರು ಈ ಸಭೆಯಲ್ಲೂ ಇದ್ದಾರೆ. ಹೊರಬಾಗಿಲ ಹತ್ತಿರ ಮೇಜು ಹಾಕಿಸಿದ್ದೇನೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಐದು ನಿಮಿಷ ನಿಂತು ಮಗುವಿನ ಹೆಸರು, ತರಗತಿ, ಒಂದು ಫೋನ್ ನಂಬರು ಬರೆಸಿ ಹೋಗಿರಿ. ಕಾಗದಪತ್ರ ಜೊತೆಗಿದ್ದರೆ ತೋರಿಸಿರಿ, ಹೆಸರು ತಪ್ಪಾಗಿದ್ದರೆ ನಾಳೆ ಬೆಳಿಗ್ಗೆ ನಾನೇ ನಿಮ್ಮ ಜೊತೆ ತಹಶೀಲ್ದಾರ ಕಚೇರಿಗೆ ಬರುತ್ತೇನೆ. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಬರೆಸಿದರೆ ಒಳ್ಳೆಯದು.

ಅಸ್ಸಲಾಮು ಅಲೈಕುಮ್.